ದಿನದ ದಾರಿಗೂ ಪಂದ್ಯದ ದಾರಿಗೂ ಒಂದೇ ಟೈರೆ?

(ಕಾಸಿಮೇಡಿನ ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಕೂಟದಲ್ಲಿ ಸಾಮಾನ್ಯವಾಗಿ ಸಾಹಿತ್ಯ, ಆರೋಗ್ಯ, ಉಳಿತಾಯ ಮೊದಲಾದ ವಿಷಯಗಳನ್ನು ಕುರಿತು ಮಾತು ನಡೆಯುವುದು ವಾಡಿಕೆ. ಇಂದು ನಾವು ಟೈರಿನ ವಿಷಯವನ್ನು ಎತ್ತಿಕೊಂಡಿದ್ದೇವೆ. ಕೆಲವರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಸ್ವಲ್ಪ ಯೋಚಿಸಿ ನೋಡಿದರೆ ಇದರಲ್ಲಿ ಆರೋಗ್ಯವೂ ಇದೆ, ಉಳಿತಾಯವೂ ಇದೆ. ಪ್ರಾಣದ ಪ್ರಶ್ನೆಯಂತೂ ಇದ್ದೇ ಇದೆ.

ನಮ್ಮ ಸದಸ್ಯರಲ್ಲಿ ಬಹುಮಂದಿ ದಿನವೂ ಗಾಡಿಯ ಮೇಲೆ ಓಡಾಡುವವರು. ಬಂದರಿನ ಕಚೇರಿಗೆ ಹೋಗುವ ಗುಮಾಸ್ತರು, ಕಂಟೇನರ್ ಅಂಗಳಗಳಲ್ಲಿ ಲೆಕ್ಕ ಬರೆಯುವವರು, ಹೋಟೆಲಿನ ಸಾಮಾನು ತರುವವರು, ಹಿಂದಿನವರು ಮಾರಿದ ಹಳೆಯ ಕಾರೊಂದನ್ನು ಕಂತಿನ ಮೇಲೆ ಕೊಂಡವರು, ಎಲ್ಲರೂ ಇಲ್ಲಿದ್ದಾರೆ. ಅವರಲ್ಲಿ ಕೆಲವು ತರುಣರಿಗೆ ಇರುಂಗಾಟ್ಟುಕೋಟ್ಟೈನ ಪಂದ್ಯದ ಪಥದ ರುಚಿ ಹತ್ತಿದೆ. ವರ್ಷಕ್ಕೆ ಒಂದು ಸಲವೋ ಎರಡು ಸಲವೋ, ಶುಲ್ಕ ಕಟ್ಟಿ ಸ್ವಂತ ಗಾಡಿಯನ್ನು ಪಥದ ಮೇಲೆ ಓಡಿಸಿ ಬರಬೇಕೆಂಬ ಆಸೆ. ಅವರು ಕೇಳುವ ಪ್ರಶ್ನೆ ಇದು: ಸೋಮವಾರ ಕಚೇರಿಗೆ, ಭಾನುವಾರ ಪಥಕ್ಕೆ, ಎರಡಕ್ಕೂ ಒಪ್ಪುವ ಒಂದೇ ಜೊತೆ ಟೈರು ಉಂಟೆ? ಇದ್ದರೆ ಯಾವುದು?

ಪ್ರಶ್ನೆ ಚಿಕ್ಕದಲ್ಲ. ನಾಲ್ಕು ಒಳ್ಳೆಯ ಟೈರುಗಳ ಬೆಲೆ ನಮ್ಮಲ್ಲಿ ಎಷ್ಟೋ ಮಂದಿಗೆ ಒಂದು ತಿಂಗಳ ಸಂಬಳ. ಊರಿಗೆ ಮನಿ ಆರ್ಡರ್ ಕಳಿಸುತ್ತಿದ್ದ ಕಾಲ ಹೋಗಿ ಕೈಯಲ್ಲಿನ ಫೋನಿನಿಂದಲೇ ಹಣ ಕಳಿಸುವ ಕಾಲ ಬಂದಿದ್ದರೂ, ಕಳಿಸಬೇಕಾದ ಹಣ ಮಾತ್ರ ಕಳಿಸಲೇಬೇಕಲ್ಲ! ಆದ್ದರಿಂದ ತಪ್ಪು ಟೈರು ಕೊಂಡರೆ ನಷ್ಟ ಒಬ್ಬನಿಗಲ್ಲ, ಒಂದು ಮನೆಗೆ.

ಮೊದಲು ನಮ್ಮ ನೆರೆಹೊರೆಯ ವಿಚಾರ. ನಾವು ಟೈರಿನ ತವರಿನಲ್ಲೇ ವಾಸವಾಗಿದ್ದೇವೆ ಎಂಬುದು ಅನೇಕರಿಗೆ ತಿಳಿಯದು. ಕಾಸಿಮೇಡಿನಿಂದ ಕಡಲ ಮಗ್ಗುಲಲ್ಲೇ ಉತ್ತರಕ್ಕೆ ಹೋದರೆ ತಿರುವೊಟ್ಟಿಯೂರು ಸಿಕ್ಕುತ್ತದೆ. ಅಲ್ಲಿ 1946ರಲ್ಲಿ ಕೆ. ಎಂ. ಮಾಮ್ಮನ್ ಮಾಪ್ಪಿಳ್ಳೈ ಎಂಬುವರು ಮಕ್ಕಳ ಆಟದ ಬಲೂನು ಮಾಡುವ ಒಂದು ಸಣ್ಣ ಉದ್ಯಮ ಆರಂಭಿಸಿದರು. 1952ರಲ್ಲಿ ಅದು ಸವೆದ ಟೈರಿಗೆ ಹೊಸ ಮೈ ಹಾಕುವ ರಬ್ಬರಿನ ತಯಾರಿಕೆಗೆ ಇಳಿಯಿತು. 1961ರಲ್ಲಿ ಅಮೆರಿಕದ ಮ್ಯಾನ್ಸ್‌ಫೀಲ್ಡ್ ಕಂಪನಿಯ ಸಹಕಾರದಿಂದ ಟೈರಿನ ಕಾರ್ಖಾನೆಯಾಯಿತು. ಇಂದು ಎಲ್ಲರೂ ಬಲ್ಲ ಎಂ.ಆರ್.ಎಫ್. ಅದೇ. ಕನ್ನಡ ನಾಡಿನಲ್ಲಿಯೂ ಮೈಸೂರಿನ ವಿಕ್ರಾಂತ್ ಟೈರಿನ ಹೆಸರನ್ನು ನಮ್ಮ ಹಿರಿಯರು ಬಲ್ಲರು. 1997ರಲ್ಲಿ ಅದು ಜೆ.ಕೆ. ಟೈರ್ ಕಂಪನಿಯ ಕೈಸೇರಿತು.

ಪಂದ್ಯದ ಚರಿತ್ರೆಯೂ ಈ ಉತ್ತರ ಮದ್ರಾಸಿನ ಕಡೆಗೇ ಸೇರಿದ್ದು. ರೆಡ್ ಹಿಲ್ಸ್ ದಾಟಿದ ಮೇಲೆ ಷೋಲಾವರಂ ಎಂಬ ಊರಿದೆ. ಎರಡನೆಯ ಮಹಾಯುದ್ಧದ ಕಾಲದ ವಿಮಾನದ ಓಡುದಾರಿಯೊಂದು ಅಲ್ಲಿ ಪಾಳುಬಿದ್ದಿತ್ತು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಆ ಓಡುದಾರಿಯನ್ನೇ ಪಂದ್ಯದ ಕಣವಾಗಿ ಮಾಡಿಕೊಂಡರು. ಅನೇಕ ವರ್ಷ ಅಲ್ಲಿ ಮೋಟಾರು ಪಂದ್ಯಗಳು ನಡೆದವು. ನೋಡಲು ಜನ ಕಿಕ್ಕಿರಿದು ಸೇರುತ್ತಿದ್ದರು. ಆಮೇಲೆ 1990ರಲ್ಲಿ ಶ್ರೀಪೆರುಂಬುದೂರಿನ ಹತ್ತಿರ, ಇರುಂಗಾಟ್ಟುಕೋಟ್ಟೈಯಲ್ಲಿ, ಪಂದ್ಯಕ್ಕೆಂದೇ ಕಟ್ಟಿದ ಪಥ ಬಂತು. ಅದರ ಒಂದು ಸುತ್ತು 3.7 ಕಿಲೋಮೀಟರಿನಷ್ಟು. ಬೆಂಗಳೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲೇ ಅದು ಇರುವುದರಿಂದ, ಹಬ್ಬಕ್ಕೆ ಊರಿಗೆ ಹೋಗುವ ನಾವೆಲ್ಲ ಗೊತ್ತಿಲ್ಲದೆಯೇ ಅದರ ಬಾಗಿಲ ಮುಂದೆ ಹಾದುಹೋಗಿದ್ದೇವೆ. 2024ರ ಆಗಸ್ಟ್ ಕೊನೆಯಲ್ಲಿ ನಮ್ಮ ಐಲೆಂಡ್ ಗ್ರೌಂಡ್ಸಿನ ಸುತ್ತಲಿನ ಬೀದಿಗಳನ್ನೇ ಮುಚ್ಚಿ, ರಾತ್ರಿ ದೀಪದ ಬೆಳಕಿನಲ್ಲಿ ಫಾರ್ಮುಲಾ 4 ಪಂದ್ಯ ನಡೆಸಿದ್ದು ತಮಗೆಲ್ಲ ನೆನಪಿರಬಹುದು.

ಟೈರಿಗೂ ಪಂದ್ಯಕ್ಕೂ ನಂಟು ಹಳೆಯದು. ಗಾಳಿ ತುಂಬಿದ ಟೈರನ್ನು ಬೆಲ್‌ಫಾಸ್ಟಿನ ಪಶುವೈದ್ಯ ಡನ್ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆಂದು ಮಾಡಿದ್ದು 1888ರ ಹೊತ್ತಿಗೆ. ಮರುವರ್ಷ ಅದೇ ಊರಿನ ಸೈಕಲ್ ಪಂದ್ಯದಲ್ಲಿ ವಿಲ್ಲೀ ಹ್ಯೂಮ್ ಎಂಬಾತ ಅಂತಹ ಟೈರು ಹಾಕಿಕೊಂಡು ಗೆದ್ದ. ಗಟ್ಟಿ ರಬ್ಬರಿನ ಗಾಲಿಗಳ ಕಾಲ ಅಲ್ಲಿಂದ ಮುಗಿಯುತ್ತ ಬಂತು. ಅಂದಿನಿಂದ ಇಂದಿನವರೆಗೂ ಟೈರಿನ ವ್ಯಾಪಾರಿಗಳು ಪಂದ್ಯದ ಹೆಸರು ಹೇಳಿಯೇ ಸರಕು ಮಾರುತ್ತಾರೆ. ಆದ್ದರಿಂದ ಕೊಳ್ಳುವವನು ಹೆಸರಿಗೆ ಮರುಳಾಗದೆ ಒಳಗಿನ ಮರ್ಮ ತಿಳಿದಿರಬೇಕು.

ಈಗ ಹೆಸರಿನ ವಿಚಾರಕ್ಕೇ ಬರೋಣ. ವಿದೇಶಿ ಪತ್ರಿಕೆಗಳನ್ನು ಓದುವ ನಮ್ಮ ತರುಣರು ‘ಪರ್ಫಾರ್ಮೆನ್ಸ್ ಸಮ್ಮರ್ ಟೈರ್’ ಎಂಬ ಮಾತನ್ನು ಕೇಳಿರುತ್ತಾರೆ. ಸಮ್ಮರ್ ಎಂದರೆ ಬೇಸಗೆ. ಹಾಗಾದರೆ ಮಳೆಗಾಲಕ್ಕೆ ಬೇರೆ ಟೈರು ಬೇಕೇ ಎಂದು ಒಬ್ಬರು ಕೇಳಿದರು. ಬೇಡ. ಆ ಮಾತು ಹುಟ್ಟಿದ್ದು ಹಿಮ ಬೀಳುವ ದೇಶಗಳಲ್ಲಿ. ಬೇಸಗೆಯ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್ಸಿಗಿಂತ ತಣ್ಣಗಾದರೆ ಬಿರುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಅದಕ್ಕಾಗಿ ಅಲ್ಲಿ ಚಳಿಗಾಲಕ್ಕೆ ಮೆತ್ತನೆಯ ಬೇರೆ ಟೈರು. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಹಾಕುವುದು ಕಾನೂನಿನ ಕಡ್ಡಾಯ. ಅಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳು ವರ್ಷಕ್ಕೆರಡು ಸಲ ಟೈರು ಬದಲಿಸುತ್ತವೆ.

ನಮ್ಮ ಚೆನ್ನೈಗೆ ಆ ತೊಂದರೆ ಇಲ್ಲ. ಇಲ್ಲಿ ಧನುರ್ಮಾಸದ ಬೆಳಗಿನಲ್ಲಿಯೂ ಶಾಲು ಹೊದೆಯುವವರು ಕಡಿಮೆ. 2003ರ ಮೇ ತಿಂಗಳಲ್ಲಿ ಬಿಸಿಲು 45 ಡಿಗ್ರಿ ಮುಟ್ಟಿದ್ದ ಊರು ಇದು; ಅಗ್ನಿನಕ್ಷತ್ರದ ದಿನಗಳಲ್ಲಿ ಟಾರಿನ ರಸ್ತೆ ಅದಕ್ಕಿಂತಲೂ ಎಷ್ಟೋ ಹೆಚ್ಚು ಕಾಯುತ್ತದೆ. ಎಂದರೆ ಇಲ್ಲಿ ಹನ್ನೆರಡು ತಿಂಗಳೂ ಟೈರಿಗೆ ಬೇಸಗೆಯೇ. ನಮ್ಮ ಅಂಗಡಿಗಳಲ್ಲಿ ಸಿಕ್ಕುವ ಟೈರುಗಳು ಬಹುಮಟ್ಟಿಗೆ ಈ ಜಾತಿಯವೇ ಆದ್ದರಿಂದ ಸಮ್ಮರ್ ಎಂಬ ಪದಕ್ಕೆ ಯಾರಾದರೂ ಹೆಚ್ಚು ಬೆಲೆ ಕೇಳಿದರೆ ಕೊಡಬೇಕಾಗಿಲ್ಲ. ನಾವು ಬೆಲೆ ಕೊಡುವುದು ಪರ್ಫಾರ್ಮೆನ್ಸ್ ಎಂಬ ಗುಣಕ್ಕೆ ಮಾತ್ರ.

ಆ ಗುಣ ಏನು? ಒಂದು ಸಣ್ಣ ಲೆಕ್ಕ ಹಾಕೋಣ. ಸಾವಿರ ಕಿಲೋ ತೂಕದ ಕಾರು ಎಂದಿಟ್ಟುಕೊಳ್ಳಿ. ಒಂದೊಂದು ಗಾಲಿಯ ಮೇಲೆ ಸುಮಾರು 250 ಕಿಲೋ. ಟೈರಿನಲ್ಲಿ 32 ಪೌಂಡು ಗಾಳಿ ಇದ್ದರೆ ಅದು ಚದರ ಸೆಂಟಿಮೀಟರಿಗೆ ಸುಮಾರು ಎರಡೂಕಾಲು ಕಿಲೋ ಭಾರ ಹೊರುತ್ತದೆ. ಭಾಗಿಸಿ ನೋಡಿದರೆ ಟೈರು ನೆಲವನ್ನು ಮುಟ್ಟುವ ಜಾಗ ಸುಮಾರು 110 ಚದರ ಸೆಂಟಿಮೀಟರು, ಹೆಚ್ಚುಕಡಿಮೆ ನಮ್ಮ ಅಂಗೈಯಷ್ಟು. ನಾಲ್ಕು ಅಂಗೈಗಳ ಮೇಲೆ ಒಂದು ಸಂಸಾರ ಕೂತು ಗಂಟೆಗೆ 80 ಕಿಲೋಮೀಟರು ಹೋಗುತ್ತಿದೆ! ನಿಲ್ಲಿಸುವುದು, ತಿರುಗಿಸುವುದು, ಎಲ್ಲವೂ ಆ ಅಂಗೈಗಳ ಕೆಲಸ.

ಗಂಟೆಗೆ 60 ಕಿಲೋಮೀಟರು ವೇಗದಲ್ಲಿದ್ದಾಗ ಒಣ ರಸ್ತೆಯಲ್ಲಿ ಹಿಡಿತ ಚೆನ್ನಾಗಿದ್ದರೆ ಬ್ರೇಕು ಹಾಕಿದ ಮೇಲೆ ಗಾಡಿ ಸುಮಾರು 18 ಮೀಟರಿನಲ್ಲಿ ನಿಲ್ಲುತ್ತದೆ. ಹಿಡಿತ ಅರ್ಧಕ್ಕಿಳಿದರೆ 35 ಮೀಟರು ಬೇಕು. ಇದರ ಜೊತೆಗೆ ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಕಳೆದರೂ ಇನ್ನೊಂದು 17 ಮೀಟರು ಹೋಯಿತು. ವೇಗ ಇಮ್ಮಡಿಯಾದರೆ ನಿಲ್ಲುವ ದೂರ ನಾಲ್ಮಡಿ. ಪರ್ಫಾರ್ಮೆನ್ಸ್ ಟೈರು ಮಾಡುವುದು ಇಷ್ಟೆ: ಮೆತ್ತನೆಯ, ಅಂಟುಗುಣದ ರಬ್ಬರಿನಿಂದ ಆ ಅಂಗೈಯ ಹಿಡಿತವನ್ನು ಹೆಚ್ಚಿಸುತ್ತದೆ; ಬಿಗಿಯಾದ ಮಗ್ಗುಲಿನಿಂದ ತಿರುವಿನಲ್ಲಿ ಓಲಾಡದಂತೆ ನೋಡಿಕೊಳ್ಳುತ್ತದೆ; ಅಂಚಿನ ರಬ್ಬರು ಗಟ್ಟಿ ಗಟ್ಟಿಯಾಗಿದ್ದು ಬಾಗದಂತೆ ನಿಲ್ಲುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಮೆತ್ತನೆಯದು ಬೇಗ ಸವೆಯುತ್ತದೆ. ಬಿಗಿಯಾದ ಮಗ್ಗುಲು ನಮ್ಮ ಹಳ್ಳ ದಿಣ್ಣೆಗಳನ್ನು ಬೆನ್ನಿಗೆ ತಿಳಿಸುತ್ತದೆ, ರಿಮ್ಮಿಗೂ ಪೆಟ್ಟು ಕೊಡುತ್ತದೆ.

ಟೈರಿನ ಮಗ್ಗುಲಲ್ಲಿರುವ ಬರಹವನ್ನು ಓದಲು ಕಲಿಯುವುದು ಬಹಳ ಮುಖ್ಯ. ರೇಷನ್ ಕಾರ್ಡು ಓದುವವನಿಗೆ ಇದು ಕಷ್ಟವಲ್ಲ. 185/65 ಆರ್ 15 88 ಎಚ್ ಎಂದು ಬರೆದಿದೆ ಎನ್ನಿ. 185 ಎಂಬುದು ಮಿಲಿಮೀಟರಿನಲ್ಲಿ ಟೈರಿನ ಅಗಲ. 65 ಎಂದರೆ ಮಗ್ಗುಲಿನ ಎತ್ತರ ಆ ಅಗಲದ ನೂರಕ್ಕೆ 65 ಪಾಲು. ಆರ್ ಎಂದರೆ ರೇಡಿಯಲ್ ಕಟ್ಟಡ. 15 ಎಂಬುದು ರಿಮ್ಮಿನ ಅಳತೆ, ಅಂಗುಲದಲ್ಲಿ. 88 ಎಂಬುದು ಭಾರದ ಸಂಕೇತ. ಅದರ ಅರ್ಥ 560 ಕಿಲೋ. ಕೊನೆಯ ಅಕ್ಷರ ವೇಗದ ಮಿತಿ: ಎಸ್ ಎಂದರೆ 180, ಟಿ ಎಂದರೆ 190, ಎಚ್ ಎಂದರೆ 210, ವಿ ಎಂದರೆ 240 ಕಿಲೋಮೀಟರು. ನಾವು ಅಷ್ಟು ವೇಗ ಹೋಗುವವರಲ್ಲ ಎಂದು ಅದನ್ನು ಕಡೆಗಣಿಸಬಾರದು. ಮೇಲಿನ ಅಕ್ಷರದ ಟೈರು ಕಾವನ್ನು ಹೆಚ್ಚು ತಾಳುತ್ತದೆ. ಪಥದ ಮೇಲೆ ಟೈರಿನ ಶತ್ರು ಕಾವೇ. ಆದ್ದರಿಂದ ಗಾಡಿ ತಯಾರಿಸಿದವರು ಹೇಳಿರುವ ಭಾರ, ವೇಗಗಳಿಗಿಂತ ಕೆಳಗಿನದನ್ನು ಎಂದೂ ಕೊಳ್ಳಬೇಡಿ.

ಇನ್ನೊಂದು ನಾಲ್ಕಂಕಿಯ ಗುರುತು ಇರುತ್ತದೆ. 2324 ಎಂದಿದ್ದರೆ 2024ನೆಯ ವರ್ಷದ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ರಬ್ಬರು ಕುಳಿತಲ್ಲೇ ಮುದಿಯಾಗುವ ವಸ್ತು. ಮೂರು ವರ್ಷ ಗೋದಾಮಿನಲ್ಲಿ ಮಲಗಿದ್ದ ಟೈರನ್ನು ರಿಯಾಯಿತಿಗೆ ಕೊಟ್ಟರೆ ಅದು ನಿಜವಾದ ರಿಯಾಯಿತಿಯೋ ಅಲ್ಲವೋ ಎಂಬುದನ್ನು ಈ ನಾಲ್ಕು ಅಂಕಿಗಳು ಹೇಳುತ್ತವೆ. ಬಿಲ್ಲು ಬರೆಯುವ ಮೊದಲೇ ನೋಡಿ.

ಕೆಲವು ಟೈರುಗಳ ಮೇಲೆ ‘ಟ್ರೆಡ್‌ವೇರ್’ ಎಂಬ ಪದವೂ ಅದರ ಮುಂದೊಂದು ಅಂಕಿಯೂ ಇರುತ್ತವೆ. ಇದು ಅಮೆರಿಕದವರ ಪದ್ಧತಿ. ಮಾದರಿಯ ಟೈರಿಗೆ 100 ಎಂದಿಟ್ಟು, ಅದಕ್ಕಿಂತ ಎಷ್ಟು ಪಾಲು ಹೆಚ್ಚು ಬಾಳುತ್ತದೆ ಎಂದು ಹೇಳುವ ಲೆಕ್ಕ. ಅಂಕಿ ಹಾಕುವವರು ತಯಾರಕರೇ ಆದ್ದರಿಂದ ಒಂದು ಕಂಪನಿಯ ಅಂಕಿಯನ್ನು ಇನ್ನೊಂದು ಕಂಪನಿಯದಕ್ಕೆ ತೂಗಿ ನೋಡುವುದು ಪೂರ್ತಿ ಸರಿಯಾಗದು. ಆದರೂ ಅಂದಾಜಿಗೆ ಒದಗುತ್ತದೆ. 400, 500ರ ಆಸುಪಾಸಿನದು ಸಂಸಾರಿಗರ ಟೈರು: ಬಹಳ ಬಾಳುತ್ತದೆ, ಹಿಡಿತ ಸಾಧಾರಣ. 300ರ ಆಸುಪಾಸಿನದು ರಸ್ತೆಯ ಪರ್ಫಾರ್ಮೆನ್ಸ್ ಟೈರು. 200ರ ಆಸುಪಾಸಿನದು ಪಥಕ್ಕೆ ಒಲಿದದ್ದು; ಕಾನೂನಿನ ಪ್ರಕಾರ ರಸ್ತೆಯ ಮೇಲೂ ಓಡಬಲ್ಲುದು, ಆದರೆ ಅದರ ಮನಸ್ಸೆಲ್ಲ ಪಥದ ಮೇಲೆ. ಅದಕ್ಕೂ ಕೆಳಗಿನದು, ಗೀರೇ ಇಲ್ಲದ ನುಣ್ಣನೆಯದು, ಪಂದ್ಯಕ್ಕೆ ಮಾತ್ರ. ಅದನ್ನು ರಸ್ತೆಗೆ ತರಕೂಡದು.

ಈಗ ಜೇಬಿನ ಲೆಕ್ಕ. ತಿಂಗಳಿಗೆ 800 ಕಿಲೋಮೀಟರು ಓಡಿಸುವ ಒಬ್ಬ ಗುಮಾಸ್ತರನ್ನು ಕಲ್ಪಿಸಿಕೊಳ್ಳೋಣ. ಸಾಧಾರಣ ಟೈರು 40,000 ಕಿಲೋಮೀಟರು, ಪರ್ಫಾರ್ಮೆನ್ಸ್ ಟೈರು 25,000, ಪಥದ ಒಲವಿನ ಟೈರು 12,000 ಬಾಳುತ್ತವೆ ಎಂದು ಉದಾಹರಣೆಗೆ ಇಟ್ಟುಕೊಂಡರೆ, ಮೊದಲನೆಯದು 50 ತಿಂಗಳು, ಎರಡನೆಯದು 31 ತಿಂಗಳು, ಮೂರನೆಯದು 15 ತಿಂಗಳು. ಮೂರನೆಯದರ ಬೆಲೆ ಎಲ್ಲಕ್ಕಿಂತ ಹೆಚ್ಚು. ಪಂದ್ಯದ ಪಥಕ್ಕೆ ಹೋಗುವುದು ವರ್ಷಕ್ಕೆ ಎರಡು ದಿನ. ಉಳಿದ 363 ದಿನ ಆ ದುಬಾರಿ ರಬ್ಬರನ್ನು ಎಣ್ಣೂರು ರಸ್ತೆಯ ಮೇಲೆ ತೇಯುತ್ತಿರುವುದು ಜಾಣತನವೆ? ರೇಷ್ಮೆ ಪಂಚೆ ಉಟ್ಟು ಗದ್ದೆ ನಾಟಿಗೆ ಇಳಿದಂತೆ!

ಆದ್ದರಿಂದ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ವರ್ಷಕ್ಕೆ ಒಂದೆರಡು ದಿನ ಮಾತ್ರ ಪಥಕ್ಕೆ ಹೋಗುವವರಿಗೆ ನಡುವಿನ ಜಾತಿ, ಎಂದರೆ ರಸ್ತೆಯ ಪರ್ಫಾರ್ಮೆನ್ಸ್ ಟೈರೇ ಸರಿ. ಪಥದಲ್ಲಿ ಒಂದು ಸುತ್ತಿಗೆ ಕೆಲವು ಸೆಕೆಂಡು ತಡವಾದೀತು, ಆಗಲಿ. ಕಲಿಯುವವನಿಗೆ ಇದು ಒಳ್ಳೆಯದೇ. ಇಂತಹ ಟೈರು ಹಿಡಿತ ತಪ್ಪುವ ಮೊದಲು ಕಿರುಗುಟ್ಟಿ ಎಚ್ಚರಿಕೆ ಕೊಡುತ್ತದೆ, ನಿಧಾನವಾಗಿ ಜಾರುತ್ತದೆ. ಪಂದ್ಯದ ಟೈರು ಬಹಳ ಹೊತ್ತು ಹಿಡಿದುಕೊಂಡಿದ್ದು ಕೊನೆಗೆ ಒಮ್ಮೆಲೇ ಕೈಬಿಡುವುದುಂಟು. ತಿಂಗಳಿಗೊಮ್ಮೆ ಹೋಗುವ ಚಪಲ ಹತ್ತಿದವರು ಬೇರೆ ರಿಮ್ಮುಗಳ ಮೇಲೆ ಬೇರೆ ಜೊತೆ ಟೈರನ್ನೇ ಇಟ್ಟುಕೊಳ್ಳುವುದು ಮೇಲು. ಒಂದೇ ಜೊತೆಯಿಂದ ಎರಡೂ ಕೆಲಸ ಪೂರ್ತಿ ಮಾಡಿಸಹೊರಟರೆ ಎರಡು ದೋಣಿಯ ಮೇಲೆ ಕಾಲಿಟ್ಟವನ ಗತಿ. ಪಥಕ್ಕೆ ಹೋಗುವ ಆಸೆಯೇ ಇಲ್ಲದವರು ಒಳ್ಳೆಯ ಹೆಸರಿನ ಸಾಧಾರಣ ಟೈರು ಕೊಂಡು, ಉಳಿದ ಹಣವನ್ನು ಮಕ್ಕಳ ಪುಸ್ತಕಕ್ಕೆ ಹಾಕಲಿ.

ಇನ್ನು ನಮ್ಮ ಊರಿನ ರಸ್ತೆಯ ಗುಣ. ಕಾಸಿಮೇಡಿನಲ್ಲಿ ಮಳೆ ಇಲ್ಲದಿದ್ದರೂ ರಸ್ತೆ ಒದ್ದೆ. ಮೀನಿನ ಗಾಡಿಗಳಿಂದ ಕರಗಿದ ಮಂಜುಗಡ್ಡೆಯ ನೀರು ಸುರಿಯುತ್ತಿರುತ್ತದೆ. ಅದರೊಂದಿಗೆ ಪೊರೆ, ಜಿಡ್ಡು. ಕಡಲಿನ ಕಡೆಯಿಂದ ಮರಳು ಹಾರಿ ಬರುತ್ತದೆ. ಕಂಟೇನರ್ ಲಾರಿಗಳಿಂದ ಮೊಳೆ, ತಂತಿ, ಎಣ್ಣೆ ಬೀಳುತ್ತವೆ. ಉಪ್ಪುಗಾಳಿಗೆ ರಿಮ್ಮು ತುಕ್ಕು ಹಿಡಿದು, ಟೈರು ಕೂರುವ ಅಂಚಿನಲ್ಲಿ ಸದ್ದಿಲ್ಲದೆ ಗಾಳಿ ಸೋರುತ್ತದೆ. ಇಂತಹ ರಸ್ತೆಗೆ ಗೀರು ಕಡಿಮೆ ಇರುವ ಟೈರು ಸಲ್ಲದು. ಬಂಡೆಯಂಥ ಹಿಡಿತದ ಟೈರೂ ಮೀನಿನ ಪೊರೆಯ ಮೇಲೆ ಜಾರುತ್ತದೆ ಎಂಬುದನ್ನು ಮರೆಯಬೇಡಿ. ಅಲ್ಲಿ ಕಾಪಾಡುವುದು ನಿಧಾನ ಒಂದೇ.

ಅಕ್ಟೋಬರಿನಿಂದ ಡಿಸೆಂಬರ್ ತನಕ ನಮ್ಮಲ್ಲಿ ಈಶಾನ್ಯ ಮಾರುತದ ಮಳೆ. 2023ರ ಡಿಸೆಂಬರಿನ ಮಿಚೌಂಗ್ ಚಂಡಮಾರುತವನ್ನು ಯಾರು ಮರೆತಾರು? ರಸ್ತೆಯ ಮೇಲೆ ನೀರು ನಿಂತಾಗ ಟೈರಿನ ಗೀರುಗಳು ಆ ನೀರನ್ನು ಪಕ್ಕಕ್ಕೆ ತಳ್ಳಬೇಕು. ತಳ್ಳಲಾರದಷ್ಟು ವೇಗವಾದರೆ ಗಾಲಿ ನೆಲ ಬಿಟ್ಟು ನೀರಿನ ಮೇಲೆ ತೇಲುತ್ತದೆ. ಬ್ರೇಕೂ ಇಲ್ಲ, ತಿರುವೂ ಇಲ್ಲ. ಅಮೆರಿಕದ ನಾಸಾ ಸಂಸ್ಥೆಯವರು 1960ರ ದಶಕದಲ್ಲಿ ವಿಮಾನದ ಟೈರುಗಳನ್ನು ಪರೀಕ್ಷಿಸಿ ಇದಕ್ಕೊಂದು ಸೂತ್ರ ಕೊಟ್ಟರು. ಅದರಂತೆ 32 ಪೌಂಡು ಗಾಳಿ ಇರುವ ಟೈರು ಆಳವಾದ ನೀರಿನ ಮೇಲೆ ಗಂಟೆಗೆ ಸುಮಾರು 94 ಕಿಲೋಮೀಟರಿಗೆ ತೇಲುತ್ತದೆ. 20 ಪೌಂಡಿಗಿಳಿದಿದ್ದರೆ 75ಕ್ಕೇ ತೇಲುತ್ತದೆ. ಕಾರಿನ ಟೈರಿಗೆ ಇದು ಅಂದಾಜಷ್ಟೆ. ಗೀರು ಸವೆದಿದ್ದರೆ ಇನ್ನೂ ಬೇಗ ತೇಲೀತು. ಆದರೆ ಪಾಠ ಒಂದೇ: ಗಾಳಿ ಕಡಿಮೆ ಇದ್ದರೆ ಅಪಾಯ ಹೆಚ್ಚು. ಕಾರಿನ ಹೊಸ ಟೈರಿನ ಗೀರು ಸುಮಾರು 8 ಮಿಲಿಮೀಟರು ಆಳ. ಕಾನೂನು 1.6 ಮಿಲಿಮೀಟರಿನವರೆಗೆ ಬಿಡುತ್ತದೆ. ಗೀರಿನ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ. ಟೈರು ಸವೆದು ಆ ದಿಬ್ಬಕ್ಕೆ ಸಮನಾದರೆ ಅದರ ಆಯುಸ್ಸು ಮುಗಿಯಿತೆಂದು ತಿಳಿಯಬೇಕು. ನಾವು ಹೇಳುವುದು, 3 ಮಿಲಿಮೀಟರಿಗೆ ಬಂದ ಟೈರನ್ನು ಮಳೆಗಾಲಕ್ಕೆ ಮುಂಚೆಯೇ ಬದಲಿಸಿ.

ಪಥಕ್ಕೆ ಹೋಗುವ ದಿನದ ಕ್ರಮವನ್ನೂ ಹೇಳಿಬಿಡುತ್ತೇವೆ. ಹಿಂದಿನ ದಿನವೇ ಟೈರಿನ ಒಳಮಗ್ಗುಲು ಹೊರಮಗ್ಗುಲುಗಳನ್ನು ಕೈಯಾಡಿಸಿ ನೋಡಿ. ಉಬ್ಬು, ಸೀಳು, ಹಳೆಯ ಪಂಕ್ಚರಿನ ತೇಪೆ ಇದ್ದರೆ ಅಂದು ಪಥಕ್ಕೆ ಹೋಗಬೇಡಿ. ಗಾಲಿಯ ನಟ್ಟುಗಳನ್ನು ಅಳತೆಯ ಸ್ಪ್ಯಾನರಿನಿಂದ ಬಿಗಿಸಿ. ಬ್ರೇಕಿನ ಪ್ಯಾಡು, ಬ್ರೇಕಿನ ಎಣ್ಣೆ ನೋಡಿ. ನಿಲ್ಲಿಸಲು ಬಾರದ ಗಾಡಿಗೆ ಒಳ್ಳೆಯ ಟೈರು ಹಾಕಿ ಫಲವಿಲ್ಲ. ಗಾಳಿಯನ್ನು ಬೆಳಿಗ್ಗೆ ಟೈರು ತಣ್ಣಗಿದ್ದಾಗ ಅಳೆಯಿರಿ. ಓಡಿ ಕಾದ ಮೇಲೆ ಒತ್ತಡ ಏರುತ್ತದೆ. 30 ಡಿಗ್ರಿಯಲ್ಲಿ 32 ಪೌಂಡು ಇದ್ದದ್ದು ಒಳಗಿನ ಗಾಳಿ 60 ಡಿಗ್ರಿಗೆ ಕಾದಾಗ ಸುಮಾರು 36 ಪೌಂಡು ದಾಟುತ್ತದೆ. ಅದಕ್ಕೆ ಪಥದಲ್ಲಿ ಅನುಭವಸ್ಥರು ಸ್ವಲ್ಪ ಗಾಳಿ ಬಿಡುತ್ತಾರೆ. ಬಿಡಲಿ, ಆದರೆ ಸಂಜೆ ಮನೆಗೆ ಹೊರಡುವ ಮುಂಚೆ ಮತ್ತೆ ತುಂಬಿಸಿಕೊಳ್ಳಲು ಮರೆಯಬಾರದು. ಬಿಸಿಯಲ್ಲಿ 32ಕ್ಕೆ ಇಳಿಸಿದ ಟೈರು ತಣ್ಣಗಾದ ಮೇಲೆ 28ರ ಹತ್ತಿರ ಬಂದಿರುತ್ತದೆ. ಅದರ ಮೇಲೆ ನಾಲ್ಕು ಜನ ಕೂತು ರಾತ್ರಿ ಹೆದ್ದಾರಿಯಲ್ಲಿ ಬರುವುದು ಕ್ಷೇಮವಲ್ಲ.

ಬೈಕಿನವರಿಗೆ ಎರಡು ಮಾತು. ನಮ್ಮಲ್ಲಿ ಅವರೇ ಹೆಚ್ಚು. ಬೈಕಿನ ಟೈರು ದುಂಡಗಿರುವುದು ಓಲಿದಾಗಲೂ ನೆಲ ಹಿಡಿಯಲೆಂದು. ದಿನವೂ ನೇರ ರಸ್ತೆಯಲ್ಲಿ ಓಡಿದ ಟೈರಿನ ನಡುಭಾಗ ಸವೆದು ಚಪ್ಪಟೆಯಾಗುತ್ತದೆ. ಅದನ್ನು ಪಥಕ್ಕೆ ಕೊಂಡೊಯ್ದು ತಿರುವಿನಲ್ಲಿ ವಾಲಿಸಿದರೆ ಚಪ್ಪಟೆಯ ಅಂಚಿನ ಮೇಲೆ ಗಾಡಿ ಥಟ್ಟನೆ ಬೀಳುವಂತಾಗುತ್ತದೆ. ನಡುವೆ ಗಟ್ಟಿ ರಬ್ಬರು, ಅಂಚಿಗೆ ಮೆತ್ತನೆಯ ರಬ್ಬರು ಇರುವ ಟೈರುಗಳು ದೊರೆಯುತ್ತವೆ. ಎರಡೂ ಬಗೆಯ ಓಡಾಟದವರಿಗೆ ಅವು ಅನುಕೂಲ. ಹಿಂದಿನ ಗಾಲಿಗೆ ಅಂದಕ್ಕೆಂದು ರಿಮ್ಮಿಗೆ ಮೀರಿದ ಅಗಲದ ಟೈರು ಹಾಕುವ ಹುಚ್ಚು ಈಗ ಬಹಳ. ಚಿಕ್ಕ ರಿಮ್ಮಿನಲ್ಲಿ ಹಿಸುಕಿಕೊಂಡ ದೊಡ್ಡ ಟೈರಿನ ದುಂಡು ಕೆಟ್ಟು ಹಿಡಿತ ಹೆಚ್ಚುವ ಬದಲು ಕಡಿಮೆಯಾಗುತ್ತದೆ.

ಹಳೆಯ ಟೈರಿನ ಆಮಿಷವನ್ನೂ ಹೇಳಬೇಕು. ಪುದುಪ್ಪೇಟೆಯ ಹಳೆ ಸಾಮಾನಿನ ಬೀದಿಗಳಲ್ಲಿ ಸಿಕ್ಕದ ವಸ್ತುವಿಲ್ಲ. ಪಂದ್ಯದವರು ಬಳಸಿ ಬಿಟ್ಟ ದುಬಾರಿ ಟೈರು ಅರ್ಧ ಬೆಲೆಗೆ ಸಿಕ್ಕಿತೆಂದು ಹಿಗ್ಗುವವರುಂಟು. ಆದರೆ ಮತ್ತೆ ಮತ್ತೆ ಕಾದು ಆರಿದ ರಬ್ಬರು ಬಿರುಸಾಗಿಬಿಡುತ್ತದೆ. ಗೀರು ಎಷ್ಟು ಆಳವಿದ್ದರೂ ಮೊದಲಿನ ಹಿಡಿತ ಬರದು. ಇನ್ನು ಕೆಲವೆಡೆ ಬೋಳಾದ ಟೈರಿಗೆ ಹೊಸದಾಗಿ ಗೀರು ಕೊರೆದು, ಕಪ್ಪು ಬಳಿದು ಮಾರುವುದುಂಟು. ಕೊರೆದ ಗೀರಿನ ಕೆಳಗೆ ಉಳಿದ ರಬ್ಬರು ಕಾಗದದಷ್ಟು ತೆಳು. ಹಣ ಕಡಿಮೆ ಇದ್ದರೆ ಸಾಧಾರಣ ಜಾತಿಯ ಹೊಸ ಟೈರು ಕೊಳ್ಳಿ. ದೊಡ್ಡ ಜಾತಿಯ ಹಳೆಯದು ಬೇಡ. ಎರಡೇ ಟೈರಿಗೆ ಹಣವಿದ್ದರೆ ಹೊಸವನ್ನು ಹಿಂದಿನ ಗಾಲಿಗಳಿಗೆ ಹಾಕಿಸಿ. ಮುಂದೆ ಜಾರಿದರೆ ವೇಗ ತಗ್ಗಿಸಿ ಸರಿಪಡಿಸಿಕೊಳ್ಳಬಹುದು. ಹಿಂದೆ ಜಾರಿದರೆ ಕಾರು ಬುಗುರಿಯಂತೆ ತಿರುಗಿಬಿಡುತ್ತದೆ.

ಬಂಧುಗಳೇ, ಕೊನೆಯದಾಗಿ, ಹೇಳಲು ಕಹಿಯಾದರೂ ಹೇಳಲೇಬೇಕಾದ ಮಾತು. ನಮ್ಮ ಎಣ್ಣೂರು ರಸ್ತೆಯಲ್ಲಿ, ಮರೀನಾ ಕಡಲ ದಾರಿಯಲ್ಲಿ, ಸರಿರಾತ್ರಿ ಹುಡುಗರು ಬೈಕಿನ ಪಂದ್ಯ ಕಟ್ಟುವುದನ್ನು ನಾವು ಬಲ್ಲೆವು. ಒಳ್ಳೆಯ ಟೈರು ಹಾಕಿದ್ದೇವೆ, ಏನೂ ಆಗದು ಎಂಬುದು ಅವರ ಧೈರ್ಯ. ಇದು ಧೈರ್ಯವಲ್ಲ, ಅಜ್ಞಾನ. ಪಥದಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ. ಎದುರು ಲಾರಿ ಇಲ್ಲ, ಬುಟ್ಟಿ ಹೊತ್ತು ದಾಟುವ ಮೀನುಗಾರ್ತಿ ಇಲ್ಲ. ಬಾವುಟ ಹಿಡಿದವರಿದ್ದಾರೆ, ಆಂಬುಲೆನ್ಸು ಕಾದು ನಿಂತಿರುತ್ತದೆ. ಇಷ್ಟೆಲ್ಲ ಇದ್ದೂ 2023ರ ಆಗಸ್ಟಿನಲ್ಲಿ ಅದೇ ಇರುಂಗಾಟ್ಟುಕೋಟ್ಟೈ ಪಥದಲ್ಲಿ ನಮ್ಮ ಬೆಂಗಳೂರಿನ 13 ವರ್ಷದ ಬಾಲಕನೊಬ್ಬ ಬೈಕ್ ಪಂದ್ಯದಲ್ಲಿ ಬಿದ್ದು ಪ್ರಾಣ ಬಿಟ್ಟ. ಅಷ್ಟು ಕಾವಲಿದ್ದಲ್ಲಿಯೇ ಹೀಗಾದರೆ, ಕಾವಲಿಲ್ಲದ ಬೀದಿಯ ಗತಿಯೇನು?

ಕಾನೂನು ಕೂಡ ಕಣ್ಣು ಮುಚ್ಚಿ ಕುಳಿತಿಲ್ಲ. ಮೋಟಾರು ವಾಹನ ಕಾಯಿದೆಯ 189ನೆಯ ಪ್ರಕರಣದ ಪ್ರಕಾರ ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲದೆ ಪಂದ್ಯವಾಡಿದರೆ, 2019ರ ತಿದ್ದುಪಡಿಯ ನಂತರ, ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಎರಡನೆಯ ಸಲವಾದರೆ ಒಂದು ವರ್ಷದವರೆಗೆ ಸೆರೆ, ದಂಡ 10,000 ರೂಪಾಯಿವರೆಗೆ. ನೌಕರಿಯ ಮೇಲಿರುವವನಿಗೆ ದಂಡಕ್ಕಿಂತ ಪೊಲೀಸು ದಾಖಲೆಯ ಕಲೆ ದೊಡ್ಡದು. ನ್ಯಾಯವಾಗಿ ಪಥಕ್ಕೆ ಹೋಗುವವರೂ ಒಂದನ್ನು ತಿಳಿದಿರಬೇಕು: ನಮ್ಮ ಸಾಮಾನ್ಯ ಮೋಟಾರು ವಿಮೆ ಪಂದ್ಯಕ್ಕಾಗಲಿ ವೇಗದ ಪರೀಕ್ಷೆಗಾಗಲಿ ಅನ್ವಯಿಸದು. ಅಲ್ಲಿ ಗಾಡಿ ಜಖಂ ಆದರೆ ಖರ್ಚು ನಮ್ಮದೇ. ಕಂತು ತೀರದ ಗಾಡಿಯನ್ನು ಪಥಕ್ಕೆ ಇಳಿಸುವ ಮುನ್ನ ಮನೆಯವರೊಡನೆ ಒಂದು ಮಾತು ಆಡಿ. ಪಂದ್ಯದಲ್ಲಿ ನಿಜವಾಗಿ ಮುಂದುವರಿಯಬೇಕೆಂಬವರು ಭಾರತದ ಮೋಟಾರು ಕ್ರೀಡಾ ಕ್ಲಬ್ಬುಗಳ ಒಕ್ಕೂಟದ ಲೈಸೆನ್ಸು ಪಡೆದು, ತರಬೇತಿ ಹೊಂದಿ, ಸರಿಯಾದ ದಾರಿಯಲ್ಲಿ ಹೋಗಲಿ.

ಹೇಳಿದ್ದನ್ನು ಒಟ್ಟುಗೂಡಿಸುತ್ತೇವೆ. ಖರ್ಚಿನ ಕ್ರಮ ಹೀಗಿರಲಿ: ಮೊದಲು ಹೆಲ್ಮೆಟ್ಟು, ಬೆಲ್ಟು, ಆಮೇಲೆ ಬ್ರೇಕು, ಆಮೇಲೆ ಟೈರು, ಎಂಜಿನ್ನಿಗೆ ಮೆರುಗು ಕೊಡುವುದು ಎಲ್ಲಕ್ಕೂ ಕೊನೆಗೆ. ಟೈರು ಆರಿಸುವಾಗ ಮಳೆಯ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸಿ. ಬಿಸಿಲಿನ ಪಥಕ್ಕೆ ಅದು ಹೇಗೂ ಒದಗುತ್ತದೆ. ತಯಾರಾದ ವಾರ ನೋಡಿ, ಭಾರ ವೇಗಗಳ ಸಂಕೇತ ನೋಡಿ, ಹದಿನೈದು ದಿನಕ್ಕೊಮ್ಮೆ ಗಾಳಿ ನೋಡಿ. ಗಾಳಿ ಅಳೆಯುವ ಸಣ್ಣ ಮಾಪಕವೊಂದನ್ನು ನಾಲ್ಕು ಜನ ಸೇರಿ ಕೊಂಡರೂ ಸಾಕು. ವಾಚನಾಲಯದ ಮೇಜಿನ ಮೇಲೆ ಪತ್ರಿಕೆಗಳ ಪಕ್ಕದಲ್ಲೇ ಇಡೋಣ, ಬೇಕಾದವರು ಬಳಸಿ ಅಲ್ಲಿಯೇ ಇಟ್ಟುಹೋಗಲಿ. ಇದಕ್ಕೆ ಕಾರ್ಯದರ್ಶಿಗಳ ಒಪ್ಪಿಗೆ ಸಿಕ್ಕೀತೆಂದು ನಂಬಿದ್ದೇವೆ.

ವೇಗದ ಆಸೆ ತಾರುಣ್ಯದ ಲಕ್ಷಣ. ಅದನ್ನು ನಾವು ಹಳಿಯುವುದಿಲ್ಲ. ವಾರವೆಲ್ಲ ಲೆಡ್ಜರಿನ ಮೇಲೆ ಬಾಗಿ ಕುಳಿತವನಿಗೆ ವರ್ಷಕ್ಕೊಂದು ದಿನ ಗಾಳಿಯನ್ನು ಸೀಳಿಕೊಂಡು ಹೋಗಬೇಕೆನ್ನಿಸಿದರೆ ಅದು ಅಪರಾಧವೇನಲ್ಲ. ಆ ಒಂದು ದಿನ ಸುಖವಾಗಿ ಕಳೆದು, ಮರುದಿನ ಬೆಳಿಗ್ಗೆ ಅದೇ ಗಾಡಿಯಲ್ಲಿ ಅವನು ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗುವಂತಾಗಲಿ ಎಂಬುದಷ್ಟೇ ನಮ್ಮ ಹಾರೈಕೆ.